ಯಾವ ಮೀನು ಮಾರಾಯ್ರೆ? ಫ್ರಂಟ್‌ಎಂಡ್ ಕೋಡ್‌ನಲ್ಲಿ ಹೆಸರಿಡುವ ಸಮಗ್ರ ಮಾರ್ಗದರ್ಶಿ

ಜೂನ್ ಕೊನೆಯ ವಾರ. ಬೆಳಿಗ್ಗೆ ಆರೂವರೆ. ಹೊರಗೆ ಧೋ ಅಂತ ಮಳೆ. ಮಲ್ಪೆ ಬಂದರಿನಿಂದ ಫೋನ್ ಬಂತು.

“ಎಂತ ಮಾರಾಯ್ರೆ, ನಿಮ್ಮ ಪೇಜಲ್ಲಿ ಇವತ್ತು ಮೀನುಗಾರಿಕೆ ಇಲ್ಲ ಅಂತ ಬರ್ತಾ ಉಂಟು. ಇಲ್ಲಿ ಬುಟ್ಟಿಗಟ್ಟಲೆ ಸಿಗಡಿ ಬಂದು ಕೂತಿದೆ!”

ನಾವು ಉಡುಪಿಯಲ್ಲಿ ಮೂರು ಜನ ಸೇರಿ ವೆಬ್‌ಸೈಟ್ ಮಾಡಿಕೊಡುವವರು. ಮಲ್ಪೆಯ ಒಬ್ಬ ಮೀನು ವ್ಯಾಪಾರಿಗೆ ದಿನದ ದರ ತೋರಿಸುವ ಒಂದು ಪುಟ ಮಾಡಿಕೊಟ್ಟಿದ್ದೆವು. ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದದ್ದು, ದೊಡ್ಡ ಕೆಲಸವೇನಲ್ಲ. ಲ್ಯಾಪ್‌ಟಾಪ್ ತೆರೆದು ಹುಡುಕಿದರೆ ತಪ್ಪು ಈ ಒಂದು ಸಾಲಿನಲ್ಲಿ ಕೂತಿತ್ತು:

ಇಫ್ (ಎಂ === 5 || ಎಂ === 6)

‘ಎಂ’ ಅಂದರೆ ತಿಂಗಳು, ‘===’ ಅಂದರೆ ಸಮ, ‘||’ ಅಂದರೆ ಅಥವಾ. ಜಾವಾಸ್ಕ್ರಿಪ್ಟ್ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಜನವರಿ 0, ಹಾಗಾಗಿ ಜೂನ್ 5, ಜುಲೈ 6. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ದರಪಟ್ಟಿ ಮುಚ್ಚಲಿ ಅಂತ ನಾನೇ ಬರೆದ ಸಾಲು ಅದು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಿಷೇಧ ಇರುವುದು ಯಾಂತ್ರೀಕೃತ ಬೋಟುಗಳಿಗೆ. ನಾಡದೋಣಿಗಳು ಮಳೆಗಾಲದಲ್ಲೂ ಕಡಲಿಗೆ ಇಳಿಯುತ್ತವೆ. ಅವತ್ತಿನ ಸಿಗಡಿ ಅವರದ್ದು.

ಆಮೇಲೆ ಯೋಚಿಸಿದೆ. ಆ ಸಾಲಿಗೆ ಒಂದು ಹೆಸರು ಇಡಲೇಬೇಕು ಅಂತಿದ್ದರೆ ಏನಾಗುತ್ತಿತ್ತು? ‘ಮೀನುಗಾರಿಕೆ ಬಂದ್’ ಅಂತ ಬರೆಯಲು ಹೋಗುತ್ತಿದ್ದೆ. ಯಾರಿಗೆ ಬಂದ್, ಎಲ್ಲರಿಗೂನಾ ಅಂತ ಪಕ್ಕದಲ್ಲಿ ಕೂತವರು ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದೆ ಬಂದರಿಗೆ ಒಂದು ಫೋನ್ ಮಾಡುತ್ತಿದ್ದೆ. ನಮಗೆ ಏನು ಗೊತ್ತಿಲ್ಲ ಅನ್ನುವುದು ಗೊತ್ತಾಗುವುದೇ ಹೆಸರಿಡಲು ಕೂತಾಗ. ‘ಎಂ’ ಅಂತ ಬರೆದು ಮುಂದೆ ಹೋಗಿದ್ದರಿಂದ ಆ ಪ್ರಶ್ನೆ ಹುಟ್ಟಲೇ ಇಲ್ಲ.

ಆ ಪುಟವನ್ನು ತಿಂಗಳುಗಟ್ಟಲೆ ತಿದ್ದುತ್ತಾ ನಾವು ಹಿಡಿದ ದಾರಿ ಇಲ್ಲಿದೆ. ಒಂದು ಸೂಚನೆ ಮೊದಲೇ ಹೇಳಿಬಿಡುತ್ತೇನೆ: ಕೋಡ್‌ನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ, ಪದಗಳ ನಡುವೆ ಅಡ್ಡಗೀಟು ಹಾಕಿ ಬರೆದಿದ್ದೇನೆ. ನಿಮ್ಮ ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ, ನಿಮ್ಮ ತಂಡದ ಪದ್ಧತಿಯಂತೆ ಬರೆದುಕೊಳ್ಳಿ.

ಹೆಜ್ಜೆ 1: ಎಡಿಟರ್ ತೆರೆಯುವ ಮೊದಲು ಒಂದು ಪದಪಟ್ಟಿ

ಮಂಗಳೂರಿಗೆ ತುಳುವಿನಲ್ಲಿ ಕುಡ್ಲ. ಕೊಂಕಣಿಯಲ್ಲಿ ಕೊಡಿಯಾಲ್. ಬ್ಯಾರಿಯಲ್ಲಿ ಮೈಕಾಲ. ಮಲಯಾಳದವರಿಗೆ ಮಂಗಳಾಪುರಂ. ಊರಿಗೆ ಇದು ಚಂದ. ಕೋಡ್‌ಗೆ ಇದೇ ತಲೆನೋವು. ಒಂದೇ ಫೋಲ್ಡರ್‌ನಲ್ಲಿ ಒಬ್ಬರು ‘ಕುಡ್ಲ’ ಅಂತ, ಇನ್ನೊಬ್ಬರು ‘ಕೊಡಿಯಾಲ್’ ಅಂತ ಬರೆದರೆ ಮೂರನೆಯವರು ಎರಡೂ ಬೇರೆ ಊರು ಅಂದುಕೊಳ್ಳುತ್ತಾರೆ.

ನಮ್ಮಲ್ಲಿ ಆದದ್ದೂ ಇದೇ. ಅಂಜಲ್ ಮೀನಿಗೆ ನಾನು ‘ಕಿಂಗ್-ಫಿಶ್’ ಅಂತ ಬರೆದಿದ್ದೆ. ನಮ್ಮ ಹುಡುಗ ಇಂಟರ್‌ನೆಟ್ ನೋಡಿ ‘ಸೀರ್-ಫಿಶ್’ ಅಂತ ಹಾಕಿದ್ದ. ಪುಟದಲ್ಲಿ ಒಂದೇ ಮೀನು ಎರಡು ಸಲ, ಎರಡು ದರದಲ್ಲಿ ಬರುತ್ತಿತ್ತು. ಕಾಣೆ ಮೀನಿನದ್ದು ಇನ್ನೊಂದು ಕಥೆ. ನಮ್ಮ ಹೋಟೆಲ್ ಮೆನುಗಳಲ್ಲಿ ಅದು ‘ಲೇಡಿಫಿಶ್’. ಆದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಲೇಡಿಫಿಶ್ ಅಂದರೆ ಬೇರೆಯೇ ಜಾತಿಯ ಮೀನು. ಆ ಹೆಸರಿನಿಂದ ಚಿತ್ರ ಹುಡುಕಿ ಹಾಕಿದ್ದೆವು. ನೋಡಿದ ವ್ಯಾಪಾರಿ ನಗುವುದೊಂದು ಬಾಕಿ.

ಈಗ ಕೆಲಸ ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ಇಪ್ಪತ್ತು-ಮೂವತ್ತು ಪದ ಬರೆಯುತ್ತೇವೆ. ಬಂದರಿನವರು ಏನನ್ನುತ್ತಾರೆ, ಕೋಡ್‌ನಲ್ಲಿ ಏನು ಬರೆಯಬೇಕು, ಪರದೆಯ ಮೇಲೆ ಏನು ಕಾಣಬೇಕು. ಮೂರು ಕಾಲಂ ಅಷ್ಟೆ. ಇಂಗ್ಲಿಷ್‌ನಲ್ಲಿ ಸರಿಯಾದ ಪದ ಇಲ್ಲದಿದ್ದರೆ ಸ್ಥಳೀಯ ಪದವನ್ನೇ ಇಡುತ್ತೇವೆ. ‘ಅಂಜಲ್’, ‘ಕಾಣೆ’, ‘ಬಂಗುಡೆ’, ‘ನಾಡದೋಣಿ’ ಎಲ್ಲ ಹಾಗೇ ಇವೆ, ಇಂಗ್ಲಿಷ್ ಅಕ್ಷರದಲ್ಲಿ. ಇದಕ್ಕೆ ಕೆಲವರು ಮೂಗು ಮುರಿಯುತ್ತಾರೆ, ಕೋಡ್ ಪೂರ್ತಿ ಇಂಗ್ಲಿಷ್‌ನಲ್ಲೇ ಇರಬೇಕು ಅಂತ. ನನ್ನ ಮಟ್ಟಿಗೆ ತಪ್ಪು ಅನುವಾದಕ್ಕಿಂತ ಸರಿಯಾದ ತುಳು ಪದ ಎಷ್ಟೋ ವಾಸಿ.

ಪಟ್ಟಿ ಮಾಡುವಾಗ ‘ಯೂಸರ್’ ಅನ್ನುವ ಪದ ಬಂದರೆ ಅಲ್ಲೇ ನಿಲ್ಲಿ. ನಮ್ಮ ಪುಟದಲ್ಲಿ ಲಾಗಿನ್ ಆಗುವವರು ಮೂರು ಥರ: ಬೋಟಿನ ಮಾಲಕ, ಬೋಟು ನಡೆಸುವ ತಂಡೇಲ, ಮೀನು ಕೊಳ್ಳುವ ವ್ಯಾಪಾರಿ. ಮೂವರಿಗೂ ‘ಯೂಸರ್’ ಅಂದಿದ್ದೆವು. ಯಾರ ಫೋನ್ ನಂಬರ್ ಯಾರಿಗೆ ತೋರಿಸಬೇಕು ಅನ್ನುವ ಕಡೆ ಬಂದಾಗ ಎಲ್ಲ ಕಲಸುಮೇಲೋಗರ. ‘ಓನರ್’, ‘ತಂಡೇಲ’, ‘ಬಯರ್’ ಅಂತ ಬೇರೆ ಮಾಡಿದ ಮೇಲೆ ಅರ್ಧ ಷರತ್ತುಗಳು ತಾವಾಗಿಯೇ ಬಿದ್ದುಹೋದವು.

ಹೆಜ್ಜೆ 2: ಏನೂ ಹೇಳದ ಹೆಸರುಗಳನ್ನು ಹಿಡಿಯಿರಿ

ಮೀನು ಮಾರ್ಕೆಟ್‌ಗೆ ಹೋಗಿ “ಮೀನು ಕೊಡಿ” ಅಂದು ನೋಡಿ. ಮೀನಿನವಳು ನಿಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾಳೆ. ಯಾವ ಮೀನು ಮಾರಾಯ್ರೆ? ಬಂಗುಡೆಯಾ, ಭೂತಾಯಿಯಾ, ಮಾಂಜಿಯಾ? ಅಲ್ಲಿ ಇರುವುದೆಲ್ಲ ಮೀನೇ ಅಲ್ವಾ.

ಕೋಡ್‌ನಲ್ಲಿ ‘ಡೇಟಾ’ ಅಂದರೂ ಹೀಗೇ. ಅಲ್ಲಿ ಇರುವುದೆಲ್ಲ ಡೇಟಾವೇ. ‘ಡೇಟಾ’, ‘ಇನ್ಫೋ’, ‘ಐಟಂ’, ‘ಆಬ್ಜ್’, ‘ಟೆಂಪ್’, ‘ವ್ಯಾಲ್ಯೂ’, ‘ರಿಸಲ್ಟ್’, ‘ಲಿಸ್ಟ್’. ಇವನ್ನು ಎಡಿಟರ್‌ನಲ್ಲಿ ಒಂದೊಂದಾಗಿ ಹುಡುಕಿ. ಸಿಕ್ಕ ಕಡೆಯಲ್ಲೆಲ್ಲ ‘ಯಾವ?’ ಅಂತ ಕೇಳಿ.

ಒಂದು ಫಂಕ್ಷನ್ ಹತ್ತಿರದಿಂದ ನೋಡೋಣ. ನಮ್ಮ ಹಳೆಯ ಕೋಡ್‌ನದ್ದೇ.

ಪ್ರೊಸೆಸ್-ಡೇಟಾ (ಡೇಟಾ, ಎಚ್, ಟ್ರೂ)

ಇದು ಏನು ಮಾಡುತ್ತದೆ? ಹೇಳಿ ನೋಡುವಾ. ಒಳಗೆ ಹೋಗಿ ಮೂವತ್ತು ಸಾಲು ಓದಿದ ಮೇಲೆ ಗೊತ್ತಾಗುವುದು ಇಷ್ಟು: ಇವತ್ತಿನ ದರಗಳಲ್ಲಿ ಒಂದು ಬಂದರಿನದ್ದನ್ನು ಮಾತ್ರ ಆರಿಸುತ್ತದೆ. ಮೂರನೆಯದು ‘ಟ್ರೂ’ ಆದರೆ ಜಾಸ್ತಿ ಬೆಲೆಯ ಮೀನು ಮೇಲೆ ಬರುತ್ತದೆ. ಈ ಎರಡು ವಾಕ್ಯವನ್ನು ಜೋರಾಗಿ ಹೇಳಿದಾಗಲೇ ಕಂಡಿತು, ಇಲ್ಲಿ ಇರುವುದು ಎರಡು ಕೆಲಸ. ಒಡೆದೆವು:

ಫಿಲ್ಟರ್-ರೇಟ್ಸ್-ಬೈ-ಹಾರ್ಬರ್ (ಟುಡೇಸ್-ರೇಟ್ಸ್, ಹಾರ್ಬರ್)
ಸಾರ್ಟ್-ರೇಟ್ಸ್-ಬೈ-ಪ್ರೈಸ್ (ಹಾರ್ಬರ್-ರೇಟ್ಸ್)

‘ಪ್ರೊಸೆಸ್’ ಅನ್ನುವ ಪದ ಸಿಕ್ಕಿದರೆ ಒಳಗೆ ಎರಡು-ಮೂರು ಕೆಲಸ ಒಟ್ಟಿಗೆ ಅಡಗಿವೆ ಅಂತ ಅನುಮಾನ ಪಡಿ. ಒಳ್ಳೆಯ ಹೆಸರು ಹೊಳೆಯದೆ ಹತ್ತು ನಿಮಿಷ ಕೂತರೆ ಹೆಸರನ್ನು ಬಿಡಿ, ಫಂಕ್ಷನ್ ಒಡೆಯಿರಿ. ಹೆಸರು ತಾನಾಗಿ ಬರುತ್ತದೆ.

ಚುಟುಕು ಮಾಡುವ ಚಟದ ಬಗ್ಗೆಯೂ ಒಂದು ಮಾತು. ‘ಎಚ್’ ಅಂದರೆ ಹಾರ್ಬರ್ ಅಂತ ನನಗೆ ಗೊತ್ತಿತ್ತು. ಅದೇ ಫೈಲ್‌ನ ಕೆಳಗೆ ‘ಎಚ್’ ಅಂದರೆ ಹೈಟ್. ಉದ್ದ ಹೆಸರು ಬರೆದರೆ ಪುಟ ಭಾರ ಆಗುತ್ತದೆ ಅಂತ ಕೆಲವರು ಹೆದರುತ್ತಾರೆ. ಪ್ರೊಡಕ್ಷನ್ ಬಿಲ್ಡ್ ಮಾಡುವಾಗ ಮಿನಿಫೈಯರ್ (ಕೋಡ್ ಕುಗ್ಗಿಸುವ ಉಪಕರಣ) ಲೋಕಲ್ ವೇರಿಯಬಲ್‌ಗಳನ್ನೆಲ್ಲ ಒಂದೆರಡು ಅಕ್ಷರಕ್ಕೆ ಇಳಿಸಿಬಿಡುತ್ತದೆ. ಆ ಕೆಲಸವನ್ನು ನಾವು ಕೈಯಲ್ಲಿ ಮಾಡುವುದು ಬೇಡ.

ಹೆಜ್ಜೆ 3: ಹೌದು-ಅಲ್ಲ ಅನ್ನುವುದಕ್ಕೆ ಪ್ರಶ್ನೆಯಂಥ ಹೆಸರು

‘ಟ್ರೂ’ ಅಥವಾ ‘ಫಾಲ್ಸ್’ ಹಿಡಿಯುವ ವೇರಿಯಬಲ್‌ನ ಹೆಸರು ಓದಿದರೆ ಪ್ರಶ್ನೆಯ ಹಾಗೆ ಕೇಳಬೇಕು. ಆಗ ‘ಹೌದು’ ಅಥವಾ ‘ಅಲ್ಲ’ ಅನ್ನಲು ಬರುತ್ತದೆ. ‘ಈಸ್’, ‘ಹ್ಯಾಸ್’, ‘ಕ್ಯಾನ್’, ‘ಶುಡ್’ ಎಂಬ ನಾಲ್ಕು ಪದ ಸಾಕು. ‘ಓಪನ್’ ಅಂತ ಬರೆದರೆ ಅದು ತೆರೆದಿದೆಯಾ, ತೆರೆಯುವ ಫಂಕ್ಷನ್ನಾ? ‘ಈಸ್-ಓಪನ್’ ಅಂದರೆ ಗೊಂದಲ ಇಲ್ಲ.

ಈಗ ನನ್ನ ಜೂನ್ ತಿಂಗಳ ಸಾಲಿಗೆ ಬರೋಣ. ಮೊದಲ ತಿದ್ದುಪಡಿ:

ಈಸ್-ಫಿಶಿಂಗ್-ಬ್ಯಾನ್

ಓದಲು ಚೆನ್ನಾಗಿದೆ, ಆದರೆ ಸುಳ್ಳು. ಏನೂ ಹೇಳದ ಹೆಸರಿಗಿಂತ ಸುಳ್ಳು ಹೇಳುವ ಹೆಸರು ಜಾಸ್ತಿ ಅಪಾಯ. ‘ಎಂ’ ನೋಡಿದವರು ಒಳಗೆ ಹೋಗಿ ಓದುತ್ತಾರೆ. ‘ಈಸ್-ಫಿಶಿಂಗ್-ಬ್ಯಾನ್’ ನೋಡಿದವರು ನಂಬಿ ಮುಂದೆ ಹೋಗುತ್ತಾರೆ. ಎರಡನೆಯ ತಿದ್ದುಪಡಿ:

ಈಸ್-ಮೆಕನೈಸ್ಡ್-ಬ್ಯಾನ್-ಸೀಸನ್

ಈಗ ಅರ್ಥ ನಿಖರ. ಆದರೆ ದರಪಟ್ಟಿಯ ಕಾಂಪೊನೆಂಟ್‌ಗೆ (ಪುಟದ ಆ ತುಂಡನ್ನು ತೋರಿಸುವ ಕೋಡ್‌ಗೆ) ನಿಷೇಧದ ವಿಷಯ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಅದಕ್ಕೆ ಬೇಕಾದದ್ದು ಇವತ್ತು ದರ ಬಂದಿದೆಯಾ ಅನ್ನುವುದು ಮಾತ್ರ. ಹಾಗಾಗಿ ಕಾಂಪೊನೆಂಟ್‌ನಲ್ಲಿ ಉಳಿದದ್ದು ‘ಹ್ಯಾಸ್-ರೇಟ್ಸ್-ಟುಡೇ’. ನಿಷೇಧದ ಹೆಸರು ಪುಟದ ಮೇಲೆ ತೋರಿಸುವ ಸೂಚನೆಯ ಸಾಲಿಗೆ ಹೋಯಿತು: ‘ಯಾಂತ್ರೀಕೃತ ಬೋಟುಗಳಿಗೆ ನಿಷೇಧದ ಅವಧಿ, ನಾಡದೋಣಿಯ ಮೀನು ಮಾತ್ರ’. ಮೂರು ಸಲ ಹೆಸರು ಬದಲಾಯಿಸುವುದರಲ್ಲಿ ಬಗ್ ಸರಿಯಾಯಿತು. ಬೇರೆ ಏನೂ ಮಾಡಲಿಲ್ಲ ಅಂತಲೇ ಹೇಳಬೇಕು.

ಹೆಸರಿನಲ್ಲೇ ‘ಇಲ್ಲ’ ಸೇರಿಸಬೇಡಿ. ‘ಈಸ್-ನಾಟ್-ಕ್ಲೋಸ್ಡ್’ ಅಂತ ಇಟ್ಟು ಅದರ ಮುಂದೆ ಆಶ್ಚರ್ಯಸೂಚಕ ಹಾಕಿದರೆ ‘ಮುಚ್ಚಿಲ್ಲದೆ ಇಲ್ಲ’ ಅಂತಾಗುತ್ತದೆ. ಬೆಳಿಗ್ಗೆ ಚಾ ಕುಡಿಯುವ ಮೊದಲು ಅದು ಯಾರಿಗೂ ಅರ್ಥವಾಗುವುದಿಲ್ಲ.

ಇನ್ನೊಂದು: ‘ಈಸ್-ಲೋಡಿಂಗ್’, ‘ಈಸ್-ಎರರ್’, ‘ಈಸ್-ಡನ್’ ಮೂರೂ ಒಟ್ಟಿಗೆ ಕಂಡರೆ ಮೂರೂ ಒಮ್ಮೆಗೇ ‘ಟ್ರೂ’ ಆಗುವ ದಿನ ಬರುತ್ತದೆ. ಅಲ್ಲಿ ‘ರೇಟ್ಸ್-ಸ್ಟೇಟಸ್’ ಅಂತ ಒಂದೇ ಇಟ್ಟು, ಅದರ ವ್ಯಾಲ್ಯೂ ಆಗಿ ‘ಲೋಡಿಂಗ್’, ‘ಫೇಲ್ಡ್’, ‘ರೆಡಿ’ ಅಂತ ಬರೆಯಿರಿ.

ಹೆಜ್ಜೆ 4: ಅಂಕಿ ಇದ್ದಲ್ಲಿ ಅಳತೆ ಇರಲಿ

‘ಪ್ರೈಸ್: 240’. ಕಿಲೋಗಾ, ಬಾಕ್ಸಿಗಾ? ರೂಪಾಯಿಯಾ, ಪೈಸೆಯಾ? ಪೇಮೆಂಟ್ ಗೇಟ್‌ವೇಗಳಲ್ಲಿ ಮೊತ್ತವನ್ನು ಪೈಸೆಯಲ್ಲಿ ಕೇಳುವಂಥವು ಇವೆ. 240 ಅಂತ ಕಳಿಸಿದರೆ ಗಿರಾಕಿಗೆ ಎರಡು ರೂಪಾಯಿ ನಲವತ್ತು ಪೈಸೆಗೆ ಅಂಜಲ್. ‘ಪ್ರೈಸ್-ಪರ್-ಕೆಜಿ’, ‘ಅಮೌಂಟ್-ಇನ್-ಪೈಸೆ’ ಅಂತ ಬರೆದರೆ ಈ ತಪ್ಪು ಬರೆಯುವಾಗಲೇ ಕಣ್ಣಿಗೆ ಬೀಳುತ್ತದೆ.

ಸಮಯಕ್ಕೂ ಅಷ್ಟೇ. ‘ಸೆಟ್-ಟೈಮ್‌ಔಟ್’ ಕೇಳುವುದು ಮಿಲಿಸೆಕೆಂಡ್. ಬ್ರೌಸರ್‌ನ ‘ಡೇಟ್-ನೌ’ ಕೊಡುವುದೂ ಮಿಲಿಸೆಕೆಂಡ್. ಸರ್ವರ್‌ನಿಂದ ಬರುವ ಯೂನಿಕ್ಸ್ ಸಮಯ ಸಾಮಾನ್ಯವಾಗಿ ಸೆಕೆಂಡ್. ಎರಡನ್ನೂ ‘ಟೈಮ್’ ಅಂತ ಕರೆದರೆ ನಿಮ್ಮ ದರಪಟ್ಟಿಯ ಮೇಲೆ 1970ರ ಜನವರಿ ತಾರೀಕು ಕಾಣುತ್ತದೆ. ‘ಅಪ್‌ಡೇಟೆಡ್-ಅಟ್-ಸೆಕೆಂಡ್ಸ್’, ‘ರಿಫ್ರೆಶ್-ಡಿಲೇ-ಎಂಎಸ್’.

ಬರಿಯ ಅಂಕಿ ಬಿಟ್ಟರೂ ತೊಂದರೆಯೇ. 19 ಅಂದರೆ ಮಂಗಳೂರು, 20 ಅಂದರೆ ಉಡುಪಿ ಅಂತ ಗಾಡಿಯ ನಂಬರ್ ಪ್ಲೇಟ್ ನೋಡಿದ ಇಲ್ಲಿನ ಮಕ್ಕಳಿಗೂ ಗೊತ್ತು. ಹುಬ್ಬಳ್ಳಿಯಿಂದ ಬಂದು ಕೆಲಸಕ್ಕೆ ಸೇರಿದವರಿಗೆ? ಕೋಡ್‌ನಲ್ಲಿ ‘=== 20’ ಅಂತ ಇದ್ದರೆ ಅವರು ಅದನ್ನು ಏನಂತ ಓದಬೇಕು? ‘ಉಡುಪಿ-ಆರ್‌ಟಿಓ-ಕೋಡ್’ ಅಂತ ಒಂದು ಕಾನ್‌ಸ್ಟೆಂಟ್ ಮಾಡಿ. ತಿಂಗಳ ಅಂಕಿಗೂ ಅದೇ ಮದ್ದು: ‘ಜೂನ್’ ಅಂತ ಹೆಸರಿಟ್ಟು 5 ಕೊಟ್ಟರೆ, ಮುಂದೆ ಯಾರೋ ಅದನ್ನು ತಪ್ಪು ಅಂದುಕೊಂಡು 6 ಅಂತ ‘ಸರಿ’ ಮಾಡುವುದು ತಪ್ಪುತ್ತದೆ.

ಹೆಜ್ಜೆ 5: ಫಂಕ್ಷನ್‌ಗೆ ಕ್ರಿಯಾಪದ, ಅದೂ ನಿಜ ಹೇಳುವಂಥದ್ದು

ನಮ್ಮ ತಂಡದಲ್ಲಿ ಒಂದು ಒಪ್ಪಂದ ಇದೆ. ‘ಫೆಚ್’ ಅಂದರೆ ನೆಟ್‌ವರ್ಕ್‌ಗೆ ಹೋಗಿ ಬರುತ್ತದೆ. ‘ಗೆಟ್’ ಅಂದರೆ ಕೈಯಲ್ಲಿ ಇರುವುದನ್ನೇ ಕೊಡುತ್ತದೆ. ‘ಫಾರ್ಮ್ಯಾಟ್’ ಅಂದರೆ ತೋರಿಸಲು ಬರಹ ಮಾಡಿಕೊಡುತ್ತದೆ. ನಿಮ್ಮ ಒಪ್ಪಂದ ಬೇರೆ ಇರಬಹುದು, ತೊಂದರೆ ಇಲ್ಲ. ಆದರೆ ‘ಗೆಟ್-ರೇಟ್ಸ್’ ಅಂತ ಹೆಸರಿಟ್ಟು ಅದರೊಳಗೆ ಸುಮ್ನೆ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ಗೆ ಬರೆಯುವ ಕೆಲಸವನ್ನೂ ತುರುಕಿದರೆ, ಕರೆದವರಿಗೆ ಅದು ಗೊತ್ತಾಗುವುದು ಹೇಗೆ?

ರಿಯಾಕ್ಟ್‌ನಲ್ಲಿ ಕಾಂಪೊನೆಂಟ್ ಹೊರಗಿನಿಂದ ಪಡೆಯುವ ಪ್ರಾಪ್‌ಗೆ ‘ಆನ್’, ಅದನ್ನು ನಿಭಾಯಿಸುವ ಫಂಕ್ಷನ್‌ಗೆ ‘ಹ್ಯಾಂಡಲ್’ ಅನ್ನುವುದು ರೂಢಿ. ರೂಢಿ ಸರಿ, ಆದರೆ ‘ಹ್ಯಾಂಡಲ್-ಕ್ಲಿಕ್’ ಅಂತ ನಿಲ್ಲಿಸಬೇಡಿ. ಕ್ಲಿಕ್ ಆಗಿದೆ ಅಂತ ಬ್ರೌಸರ್ ಆಗಲೇ ಹೇಳಿದೆ. ಕ್ಲಿಕ್ ಆದರೆ ಏನಾಗಬೇಕು? ‘ಹ್ಯಾಂಡಲ್-ಬೋಟ್-ಸೆಲೆಕ್ಟ್’. ಇಲ್ಲದಿದ್ದರೆ ಎರಡನೆಯ ಬಟನ್ ಬಂದ ದಿನ ‘ಹ್ಯಾಂಡಲ್-ಕ್ಲಿಕ್-2’ ಹುಟ್ಟುತ್ತದೆ. ನಾನು ‘ಹ್ಯಾಂಡಲ್-ಕ್ಲಿಕ್-ನ್ಯೂ-ಫೈನಲ್’ ಅನ್ನುವುದನ್ನೂ ನೋಡಿದ್ದೇನೆ. ಬರೆದವನು ನಾನಲ್ಲ ಅಂತ ಆಣೆ ಮಾಡಿ ಹೇಳಲಾರೆ.

ಎರಡು ಕಡೆ ಹೆಸರನ್ನು ಓದುವವರು ಮಾತ್ರ ಅಲ್ಲ, ಉಪಕರಣಗಳೂ ನೋಡುತ್ತವೆ. 2019ರ ಫೆಬ್ರವರಿಯಲ್ಲಿ ರಿಯಾಕ್ಟ್ 16.8ರ ಜೊತೆ ಹುಕ್‌ಗಳು (ಕಾಂಪೊನೆಂಟ್‌ನೊಳಗೆ ಕರೆಯುವ ವಿಶೇಷ ಫಂಕ್ಷನ್‌ಗಳು) ಬಂದವು. ನೀವೇ ಬರೆಯುವ ಹುಕ್‌ನ ಹೆಸರು ‘ಯೂಸ್’ ಇಂದ ಶುರುವಾಗಬೇಕು. ಕೋಡ್‌ನ ತಪ್ಪು ಹಿಡಿಯುವ ಲಿಂಟ್ ನಿಯಮ ಹುಕ್ ಅನ್ನು ಗುರುತಿಸುವುದು ಆ ಹೆಸರಿನಿಂದಲೇ. ಹಾಗೆಯೇ ಕಾಂಪೊನೆಂಟ್‌ನ ಹೆಸರು ದೊಡ್ಡ ಅಕ್ಷರದಿಂದ ಶುರುವಾಗದಿದ್ದರೆ ಜೆಎಸ್‌ಎಕ್ಸ್ (ರಿಯಾಕ್ಟ್‌ನಲ್ಲಿ ಟ್ಯಾಗ್ ಬರೆಯುವ ರೀತಿ) ಅದನ್ನು ಎಚ್‌ಟಿಎಂಎಲ್ ಟ್ಯಾಗ್ ಅಂದುಕೊಳ್ಳುತ್ತದೆ.

ಹೆಜ್ಜೆ 6: ಗೋಳಿಬಜೆಗೆ ಊರಿನ ಹೆಸರು ಯಾವಾಗ?

ಬೆಂಗಳೂರಿನ ಹೋಟೆಲ್‌ನಲ್ಲಿ ಅದು ‘ಮಂಗಳೂರು ಬಜ್ಜಿ’. ಮಂಗಳೂರಿನ ಹೋಟೆಲ್‌ನಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ಇಲ್ಲಿ ಅದು ಗೋಳಿಬಜೆ. ಮಂಗಳೂರಿನೊಳಗೆ ಕೂತು ಮಂಗಳೂರು ಅಂತ ಹೇಳುವ ಅಗತ್ಯ ಇಲ್ಲ ಅಲ್ವಾ.

ಹೆಸರು ಎಷ್ಟು ಉದ್ದ ಇರಬೇಕು ಅನ್ನುವುದಕ್ಕೆ ಇದೇ ಅಳತೆ. ‘ಬೋಟ್-ಕಾರ್ಡ್’ ಕಾಂಪೊನೆಂಟ್‌ನ ಒಳಗೆ ‘ಬೋಟ್-ಕಾರ್ಡ್-ಬೋಟ್-ನೇಮ್’ ಬೇಡ, ‘ನೇಮ್’ ಸಾಕು. ಅದೇ ಮಾಹಿತಿ ಹೊರಗೆ ಹೋಗಿ ಹತ್ತು ಫೈಲ್‌ಗಳಲ್ಲಿ ಓಡಾಡುವುದಾದರೆ ‘ಬೋಟ್-ನೇಮ್’ ಬೇಕು. ಎರಡು ಸಾಲಿನ ಲೂಪ್‌ನಲ್ಲಿ ‘ಐ’ ಇದ್ದರೆ ನಾನು ರಿವ್ಯೂನಲ್ಲಿ ಮಾತಾಡುವುದಿಲ್ಲ. ನಲವತ್ತು ಸಾಲಿನ ಲೂಪ್‌ನಲ್ಲಿ ಇದ್ದರೆ ಮಾತಾಡುತ್ತೇನೆ.

ಫೈಲ್‌ಗೂ ಕಾಂಪೊನೆಂಟ್‌ಗೂ ಒಂದೇ ಹೆಸರಿಡಿ. ‘ಕಾಮನ್’, ‘ಹೆಲ್ಪರ್ಸ್’, ‘ಯುಟಿಲ್ಸ್’ ಅನ್ನುವ ಫೋಲ್ಡರ್‌ಗಳು ಮನೆಯ ಅಟ್ಟದ ಹಾಗೆ. ಹಾಕುವುದು ಸುಲಭ, ತೆಗೆಯುವವರಿಲ್ಲ.

ಹೆಜ್ಜೆ 7: ಸಿಎಸ್ಎಸ್ ಕ್ಲಾಸ್ ಮತ್ತು ಎಚ್‌ಟಿಎಂಎಲ್ ಹೆಸರುಗಳು

ದರ ಇಳಿದರೆ ಕೆಂಪು ಬಣ್ಣ ಅಂತ ‘ರೆಡ್-ಟೆಕ್ಸ್ಟ್’ ಕ್ಲಾಸ್ ಮಾಡಿದ್ದೆವು. ಕೊಳ್ಳುವವನಿಗೆ ದರ ಇಳಿದರೆ ಖುಷಿ, ಹಸಿರು ಮಾಡಿ ಅಂದರು ವ್ಯಾಪಾರಿ. ಮಾಡಿದೆವು. ಆರು ತಿಂಗಳು ‘ರೆಡ್-ಟೆಕ್ಸ್ಟ್’ ಕ್ಲಾಸ್ ಹಸಿರು ಬಣ್ಣ ಕೊಡುತ್ತಿತ್ತು. ಹೇಗೆ ಕಾಣುತ್ತದೆ ಅಂತ ಹೆಸರಿಡಬೇಡಿ, ಯಾಕಿದೆ ಅಂತ ಇಡಿ: ‘ಪ್ರೈಸ್-ಡ್ರಾಪ್’.

ಬಿಇಎಂ ಪದ್ಧತಿ ಗೊತ್ತಿದ್ದರೆ ಬಳಸಿ. ಬ್ಲಾಕ್, ಅದರೊಳಗಿನ ಎಲಿಮೆಂಟ್, ಅದರ ಮಾಡಿಫೈಯರ್. ನೋಡಲು ಚಂದ ಇಲ್ಲ, ಆದರೆ ಯಾವ ತುಂಡು ಯಾವುದಕ್ಕೆ ಸೇರಿದ್ದು ಅಂತ ಹುಡುಕಬೇಕಾಗಿಲ್ಲ. ಸಿದ್ಧ ಕ್ಲಾಸ್‌ಗಳನ್ನು ಕೊಡುವ ಟೇಲ್‌ವಿಂಡ್ ಬಳಸುವವರು ಕ್ಲಾಸ್ ಹೆಸರಿಡುವ ಕೆಲಸದಿಂದ ಪಾರಾದೆ ಅಂದುಕೊಳ್ಳುತ್ತಾರೆ. ಆ ಭಾರ ಕಾಂಪೊನೆಂಟ್ ಹೆಸರಿನ ಮೇಲೆ ಬಂದು ಕೂರುತ್ತದೆ, ಅಷ್ಟೆ.

ಈಗ ನಾನು ಎರಡು ದಿನ ನಿದ್ದೆಗೆಟ್ಟ ಕಥೆ. ಮಂಗಳೂರಿನ ಒಂದು ಅಂಗಡಿಯ ಸೈಟ್. ಕೆಲವು ಗಿರಾಕಿಗಳಿಗೆ ಅಂಗಡಿಯ ವಿಳಾಸ ಕಾಣುವುದಿಲ್ಲ. ನನಗೆ ಕಾಣುತ್ತದೆ. ಮಾಲಕರಿಗೆ ಕಾಣುತ್ತದೆ. ಅವರ ಮಗನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಆ ಜಾಗ ಖಾಲಿ. ಕೊನೆಗೆ ಅವನ ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಕಂಡಿತು. ‘ಅಡ್ರೆಸ್-ಬಾಕ್ಸ್’ ಅನ್ನುವುದನ್ನು ನಾನು ಚುಟುಕು ಮಾಡಿ ‘ಆಡ್-ಬಾಕ್ಸ್’ ಅಂತ ಇಟ್ಟಿದ್ದೆ. ಇಂಥ ಎಕ್ಸ್‌ಟೆನ್ಶನ್‌ಗಳು ಕ್ಲಾಸ್ ಹೆಸರುಗಳ ಪಟ್ಟಿ ಇಟ್ಟುಕೊಂಡು, ಜಾಹೀರಾತಿನಂಥ ಹೆಸರು ಕಂಡರೆ ಆ ತುಂಡನ್ನೇ ಮರೆಮಾಡುತ್ತವೆ. ಐದು ಅಕ್ಷರ ಉಳಿಸಲು ಹೋಗಿ ಅಂಗಡಿಯ ವಿಳಾಸವೇ ಮಾಯ.

ಫಾರ್ಮ್‌ನಲ್ಲೂ ಒಂದು ಗುಂಡಿ ಇದೆ. ಬಟನ್‌ನ ‘ನೇಮ್’ ಆಟ್ರಿಬ್ಯೂಟ್‌ಗೆ ‘ಸಬ್‌ಮಿಟ್’ ಅಂತ ಕೊಟ್ಟರೆ, ಫಾರ್ಮ್‌ನ ‘ಸಬ್‌ಮಿಟ್’ ಫಂಕ್ಷನ್ ಕರೆದಾಗ ಸಿಗುವುದು ಆ ಬಟನ್. ಅದು ಫಂಕ್ಷನ್ ಅಲ್ಲ ಅಂತ ಎರರ್ ಬರುತ್ತದೆ. ‘ಸೆಂಡ್-ಆರ್ಡರ್’ ಅಂತ ಇಟ್ಟರೆ ಮುಗಿಯಿತು.

ಕೋಡ್ ನೋಡದವರಿಗೂ ಹೆಸರು ಬೇಕು. ಬರಿಯ ಐಕಾನ್ ಇರುವ ಬಟನ್ ಅನ್ನು, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಸುಮ್ನೆ ‘ಬಟನ್’ ಅಂತ ಓದುತ್ತದೆ. ಅದಕ್ಕೆ ‘ಏರಿಯಾ-ಲೇಬಲ್’ ಹಾಕಿ. ಅಲ್ಲಿ ‘ಭೂತಗನ್ನಡಿ’ ಅಂತ ಬರೆಯುವವರಿದ್ದಾರೆ, ಚಿತ್ರ ಅದೇ ತಾನೇ ಅಂತ. ‘ಮೀನು ಹುಡುಕಿ’ ಅಂತ ಬರೆಯಿರಿ.

ಹೆಜ್ಜೆ 8: ಸರ್ವರ್‌ನ ಹೆಸರುಗಳಿಗೆ ತಲಪಾಡಿಯಲ್ಲಿ ತಡೆ

ಸರ್ವರ್‌ನವರು ಕಳಿಸುವುದು ‘ಎಫ್‌ಎಸ್‌ಎಚ್-ಎನ್‌ಎಂ’, ‘ಆರ್‌ಟಿ’ ಇಂಥವು. ಜಗಳ ಮಾಡಿ ಪ್ರಯೋಜನ ಇಲ್ಲ, ಅವರ ಡೇಟಾಬೇಸ್ ಹಳೆಯದು. ಕೇರಳಕ್ಕೆ ಹೋಗುವ ತಲಪಾಡಿ ಗಡಿ ದಾಟಿದ ಕೂಡಲೇ ಬೋರ್ಡುಗಳ ಭಾಷೆ ಬದಲಾಗುತ್ತದೆ ನೋಡಿ, ಹಾಗೆ ನಿಮ್ಮ ಕೋಡ್‌ನಲ್ಲೂ ಒಂದೇ ಗಡಿ ಇರಲಿ. ‘ಟು-ಫಿಶ್-ರೇಟ್’ ಅಂತ ಒಂದು ಫಂಕ್ಷನ್ ಬರೆದು, ಒಳಗೆ ಬರುವಾಗಲೇ ನಿಮ್ಮ ಪದಪಟ್ಟಿಯ ಹೆಸರಿಗೆ ಬದಲಾಯಿಸಿ. ನಾಳೆ ಸರ್ವರ್‌ನವರು ಹೆಸರು ಬದಲಿಸಿದರೆ ನೀವು ಮುಟ್ಟಬೇಕಾದದ್ದು ಆ ಒಂದು ಫೈಲ್.

ನಡುವೆ ಒಂದು ಪ್ರಶ್ನೆ: ಕನ್ನಡದಲ್ಲೇ ಬರೆದರೆ?

ಹೊಸಬರು ಕೇಳುತ್ತಾರೆ. ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡ ಅಕ್ಷರದ ವೇರಿಯಬಲ್ ನಡೆಯುತ್ತದೆ. ‘ದರ’ ಅಂತ ಕನ್ನಡದಲ್ಲೇ ಬರೆದು ಓಡಿಸಿ ನೋಡಿ, ಏನೂ ತಕರಾರಿಲ್ಲ. ಆದರೆ ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಇಲ್ಲ. ಎರಡು ಪದ ಸೇರಿದಾಗ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ತೋರಿಸಲು ಅಂಡರ್‌ಸ್ಕೋರ್ ಒಂದೇ ಗತಿ. ಅದಕ್ಕಿಂತ ದೊಡ್ಡ ಉಪದ್ರ ಬೇರೆ ಇದೆ. ‘ಬೋಟ್’ ಆದಮೇಲೆ ಒತ್ತಕ್ಷರ ಆಗದಿರಲಿ ಅಂತ ನಾವು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದು 2009ರ ಇಎಸ್5 ಅನ್ನುವ ಜಾವಾಸ್ಕ್ರಿಪ್ಟ್ ಆವೃತ್ತಿಯಿಂದ ಹೆಸರಿನೊಳಗೂ ಸಲ್ಲುತ್ತದೆ. ಕೆಲವು ಕಡೆ ಅದು ಇದ್ದರೂ ಇಲ್ಲದಿದ್ದರೂ ಪದ ಒಂದೇ ಥರ ಕಾಣುತ್ತದೆ. ಕಂಪ್ಯೂಟರ್‌ಗೆ ಮಾತ್ರ ಎರಡೂ ಬೇರೆ ಹೆಸರು. ಇಂಥ ಬಗ್ ಹುಡುಕುವುದು ಯಾರಿಗೂ ಬೇಡ. ಮನೆಯಲ್ಲಿ ಮಕ್ಕಳಿಗೆ ಕೋಡಿಂಗ್ ಕಲಿಸಲು ಕನ್ನಡ ಹೆಸರು ಬಹಳ ಚೆನ್ನ. ಗಿರಾಕಿಯ ಕೆಲಸಕ್ಕೆ ನಾವು ಬಳಸುವುದಿಲ್ಲ.

ಹೆಜ್ಜೆ 9: ಹಳೆಯ ಹೆಸರು ಬದಲಿಸುವುದು

ಮಂಗಳೂರಿನ ಜ್ಯೋತಿ ಸರ್ಕಲ್‌ಗೆ ಅಂಬೇಡ್ಕರ್ ವೃತ್ತ ಅಂತ ಹೆಸರಿದೆ. ಬಸ್ಸಿನಲ್ಲಿ ಕೇಳಿಸುವುದು ಇನ್ನೂ “ಜ್ಯೋತಿ, ಜ್ಯೋತಿ” ಅಂತಲೇ. 2014ರ ನವೆಂಬರ್ 1ರಂದು ಇಂಗ್ಲಿಷ್‌ನ ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು. ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರು ಮ್ಯಾಂಗಲೋರ್ ಯೂನಿವರ್ಸಿಟಿ ಆಗಿಯೇ ಉಳಿದಿದೆ. ಹೆಸರು ಎಲ್ಲೆಲ್ಲಿ ಹೋಗಿ ಕೂತಿದೆ ಅಂತ ನೋಡದೆ ಬದಲಿಸಲು ಹೊರಟರೆ ಕೋಡ್‌ನಲ್ಲೂ ಅರ್ಧ ಹೊಸತು, ಅರ್ಧ ಹಳತು ಆಗುತ್ತದೆ.

ಕೋಡ್‌ನೊಳಗಿನ ಹೆಸರಿಗೆ ವಿಎಸ್ ಕೋಡ್‌ನಲ್ಲಿ ಕರ್ಸರ್ ಇಟ್ಟು ಎಫ್2 ಒತ್ತಿ. ಹುಡುಕಿ-ಬದಲಿಸುವ ಕೆಲಸ ಬೇಡ, ಅದು ‘ರೇಟ್’ ಬದಲಿಸಲು ಹೋಗಿ ‘ಸೆಪರೇಟ್’ ಒಳಗೂ ಕೈ ಹಾಕುತ್ತದೆ. ಎಫ್2ಗೆ ಕೋಟ್‌ನೊಳಗಿನ ಬರಹ ಮತ್ತು ಸಿಎಸ್ಎಸ್ ಕ್ಲಾಸ್ ಸಿಗುವುದಿಲ್ಲ, ಅವನ್ನು ಕೈಯಾರೆ ನೋಡಿ. ಹೆಸರು ಬದಲಾವಣೆಗೆ ಬೇರೆಯೇ ಕಮಿಟ್ ಮಾಡಿ. ಅದರಲ್ಲಿ ಬಗ್ ತಿದ್ದುಪಡಿ ಸೇರಿಸಿದರೆ ರಿವ್ಯೂ ಮಾಡುವವರು ಇನ್ನೂರು ಸಾಲಿನ ನಡುವೆ ಆ ಒಂದು ಸಾಲನ್ನು ಖಂಡಿತ ತಪ್ಪಿಸುತ್ತಾರೆ.

ಫೈಲ್ ಹೆಸರಿನಲ್ಲಿ ಚಿಕ್ಕಕ್ಷರವನ್ನು ದೊಡ್ಡಕ್ಷರ ಮಾಡುವಾಗ ಜಾಗ್ರತೆ. ವಿಂಡೋಸ್ ಮತ್ತು ಮ್ಯಾಕ್‌ಗೆ ಸಾಮಾನ್ಯವಾಗಿ ಎರಡೂ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ನಡೆದು, ಲಿನಕ್ಸ್ ಬಿಲ್ಡ್ ಸರ್ವರ್‌ನಲ್ಲಿ ಫೈಲ್ ಸಿಗಲಿಲ್ಲ ಅಂತ ಬೀಳುತ್ತದೆ. ‘ಗಿಟ್ ಎಂವಿ’ ಬಳಸಿ ಮೊದಲು ಬೇರೊಂದು ಹೆಸರಿಗೆ, ಅಲ್ಲಿಂದ ಬೇಕಾದ ಹೆಸರಿಗೆ ಎರಡು ಹಂತದಲ್ಲಿ ಬದಲಿಸಿ.

ಕೆಲವು ಹೆಸರುಗಳು ಆಗಲೇ ಮನೆ ಬಿಟ್ಟು ಹೋಗಿರುತ್ತವೆ: ಯುಆರ್‌ಎಲ್, ಎಪಿಐಯ ಹೆಸರುಗಳು, ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸಿದ ಕೀಗಳು. ನಾವು ‘ಸೆಲ್-ಎಚ್’ ಅನ್ನುವ ಕೀಯನ್ನು ಖುಷಿಯಲ್ಲಿ ‘ಸೆಲೆಕ್ಟೆಡ್-ಹಾರ್ಬರ್’ ಮಾಡಿದೆವು. ಮರುದಿನ ಎಲ್ಲರ ಫೋನ್‌ನಲ್ಲೂ ಅವರು ಆರಿಸಿಟ್ಟ ಬಂದರು ಅಳಿಸಿಹೋದ ಹಾಗಾಯಿತು. ಗಂಗೊಳ್ಳಿಯವರಿಗೆ ಮಲ್ಪೆ ದರ ಕಂಡಿತು, ಬೈಗುಳ ನಮಗೆ ಬಂತು. ಈಗ ಆ ಕೋಡ್‌ನಲ್ಲಿ ‘ಸೆಲೆಕ್ಟೆಡ್-ಹಾರ್ಬರ್-ಸ್ಟೋರೇಜ್-ಕೀ’ ಅಂತ ಒಂದು ಕಾನ್‌ಸ್ಟೆಂಟ್ ಇದೆ. ಅದರ ವ್ಯಾಲ್ಯೂ ಇವತ್ತಿಗೂ ‘ಸೆಲ್-ಎಚ್’. ಪಕ್ಕದಲ್ಲಿ ಒಂದು ಕಾಮೆಂಟ್: ‘ಇದನ್ನು ಮುಟ್ಟಬೇಡಿ, ಗಂಗೊಳ್ಳಿಯಿಂದ ಫೋನ್ ಬರ್ತದೆ.’